ಹುಸಿಪಣದ ಗಣಿತ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂ ಆರ್ಲಿಯನ್ಸ್ ನಗರದಿಂದ ಮಿಸಿಸಿಪಿ ನದಿಯ ಉಗಿಹಡಗುಗಳನ್ನೇರಿ ಉತ್ತರಾಭಿಮುಖವಾಗಿ ಹರಡಿದ ಪೋಕರ್ ಎಂಬ ಇಸ್ಪೀಟಾಟದಲ್ಲಿ, ಕೈಯಲ್ಲಿ ಏನೂ ಇಲ್ಲದವನು ಎಲ್ಲವೂ ಇರುವವನಂತೆ ಪಣವನ್ನೇರಿಸಿ ಎದುರಾಳಿಯನ್ನು ಬೆದರಿಸುವ ಬ್ಲಫ್ ಎಂಬ ತಂತ್ರವು, ಸುಮಾರು ನೂರು ವರ್ಷಗಳ ಕಾಲ ಮನುಷ್ಯಸ್ವಭಾವಕ್ಕೆ ಸಂಬಂಧಿಸಿದ ವಿದ್ಯೆಯೆಂದೇ ಪರಿಗಣಿತವಾಗಿತ್ತು. ಮುಖದ ನಿರ್ವಿಕಾರತೆ, ಎದುರು ಕುಳಿತವನ ಬೆರಳಿನ ಕಂಪನವನ್ನು ಗುರುತಿಸುವ ಚಾತುರ್ಯ, ಇವೇ ಅದರ ಅಂಗಗಳು. ಇಷ್ಟು ಸತ್ಯಕ್ಕೆ ಇಷ್ಟೇ ಅಸತ್ಯವೆಂಬ ಪ್ರಮಾಣವೊಂದು ಅದರೊಳಗೆ ಅಡಗಿದೆಯೆಂದು ಸಾಧಿಸಿ ತೋರಿಸಿದವರು ಜೂಜುಗಾರರಲ್ಲ, ಗಣಿತಜ್ಞರು.

ಫ್ರಾನ್ಸಿನ ಎಮಿಲ್ ಬೊರೆಲ್ ತೆರೆದ ಈ ದಾರಿಯಲ್ಲಿ ಬಹುದೂರ ಸಾಗಿದವರು ಜಾನ್ ವಾನ್ ನ್ಯೂಮನ್. 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಡಗೂಡಿ ಪ್ರಕಟಿಸಿದ ಆಟಗಳ ಸಿದ್ಧಾಂತವನ್ನು ಕುರಿತ ಬೃಹದ್‌ಗ್ರಂಥದಲ್ಲಿ ಅವರು ಪೋಕರಿಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟರು. ಬ್ಲಫ್ ಮಾಡುವುದು ಆ ಒಂದು ಪಣವನ್ನು ಕಬಳಿಸುವುದಕ್ಕಾಗಿ ಮಾತ್ರವಲ್ಲ. ಸದಾ ನಿಜವನ್ನೇ ಆಡುವವನು ಪಣವೇರಿಸಿದೊಡನೆ ಉಳಿದವರು ಎಲೆಗಳನ್ನು ಕೆಳಗಿಟ್ಟು ಎದ್ದುಬಿಡುವರಾದ್ದರಿಂದ, ಅವನ ಒಳ್ಳೆಯ ಎಲೆಗಳೂ ನಿಷ್ಫಲವಾಗುತ್ತವೆ. ಅಲ್ಲದೆ ಬ್ಲಫಿಗೆ ಯೋಗ್ಯವಾದುವು ಮಧ್ಯಮ ಎಲೆಗಳಲ್ಲ, ತೀರ ಕೀಳಾದುವು. ಮಧ್ಯಮ ಎಲೆಗೆ ಸುಮ್ಮನಿದ್ದರೂ ಗೆಲ್ಲುವ ಆಸೆಯುಂಟು.

ಈ ತತ್ತ್ವವನ್ನು ಅತ್ಯಂತ ಸರಳವಾದ ರೂಪಕ್ಕಿಳಿಸಿದ ಕೀರ್ತಿ ಹೆರಾಲ್ಡ್ ಕೂನ್ ಅವರದು. 1950ರಲ್ಲಿ ಅವರು ಕಲ್ಪಿಸಿದ ಆಟದಲ್ಲಿ ಇಬ್ಬರೇ ಆಟಗಾರರು, ಮೂರೇ ಎಲೆಗಳು: ರಾಜ, ರಾಣಿ, ಗುಲಾಮ. ಇಬ್ಬರೂ ಒಂದೊಂದು ನಾಣ್ಯವನ್ನು ಮುಂದಿಟ್ಟು ಒಂದೊಂದು ಎಲೆಯನ್ನು ಪಡೆದ ಮೇಲೆ, ಮೊದಲನೆಯವನು ಇನ್ನೊಂದು ನಾಣ್ಯವನ್ನು ಪಣವಾಗಿ ಒಡ್ಡಿದನೆನ್ನೋಣ. ರಾಣಿಯನ್ನು ಹಿಡಿದಿರುವ ಎರಡನೆಯವನು ಒಂದು ನಾಣ್ಯವನ್ನು ತೆತ್ತು ಮೂರನ್ನು ಗೆಲ್ಲಲು ಯತ್ನಿಸಬೇಕೇ ಬೇಡವೇ ಎಂಬ ಸಂಕಟದಲ್ಲಿ ಸಿಲುಕುತ್ತಾನೆ. ಮೊದಲನೆಯವನು ರಾಜನೊಡನೆ ಮೂರು ಸಲ ಪಣವೊಡ್ಡುವಲ್ಲಿ ಗುಲಾಮನೊಡನೆ ಒಮ್ಮೆ ಒಡ್ಡುವವನಾದರೆ, ಎರಡನೆಯವನು ಏನು ಮಾಡಿದರೂ ಫಲ ಒಂದೇ. ಸುಳ್ಳು ಅದಕ್ಕಿಂತ ಹೆಚ್ಚಾದರೆ ಸಿಕ್ಕಿಬೀಳುತ್ತದೆ, ಕಡಿಮೆಯಾದರೆ ಸತ್ಯಕ್ಕೆ ಬೆಲೆ ಸಿಗದು. ವಂಚನೆಗೆ ಇಷ್ಟು ಸ್ವಚ್ಛವಾದ ಅಂಕಗಣಿತವು ದೊರೆತುದು ನನಗೆ ಇಂದಿಗೂ ಬೆರಗಿನ ವಿಷಯ.

ಜೂಜುಕಟ್ಟೆಗೆ ಈ ಗಣಿತವು ತಲುಪಲು ಅರ್ಧ ಶತಮಾನವೇ ಬೇಕಾಯಿತು. 1998ರಲ್ಲಿ ಪ್ಲಾನೆಟ್ ಪೋಕರ್ ಅಂತರಜಾಲದಲ್ಲಿ ಹಣದ ಆಟವನ್ನು ಆರಂಭಿಸಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗನು ಅಂತರಜಾಲದ 86 ಡಾಲರಿನ ಪಂದ್ಯದ ಮೂಲಕ ಲಾಸ್ ವೇಗಾಸಿನ ವಿಶ್ವಸರಣಿಗೆ ಪ್ರವೇಶ ಪಡೆದು 25 ಲಕ್ಷ ಡಾಲರನ್ನು ಗೆದ್ದನಂತರವಂತೂ ಜನ ಮುಗಿಬಿದ್ದರು. ಪರದೆಯ ಮೇಲೆ ಮುಖವಿಲ್ಲ, ಕಂಪಿಸುವ ಬೆರಳಿಲ್ಲ. ಆದರೆ ಆಡಿದ ಪ್ರತಿಯೊಂದು ಆಟದ ದಾಖಲೆಯುಂಟು. ಒಬ್ಬನು ಏರಿಸಿದ ಪಣವನ್ನು ಮತ್ತೊಬ್ಬನು ಪುನಃ ಏರಿಸುವ ರೀ-ರೇಸ್ ಎಂಬುದು ಹಿಂದೆ ಬಹುಮಟ್ಟಿಗೆ ಜೋಡಿ ಎಕ್ಕ, ಜೋಡಿ ರಾಜರ ಘೋಷಣೆಯಾಗಿತ್ತು; ದಾಖಲೆಗಳನ್ನು ಪರಿಶೀಲಿಸುವ ಎದುರಾಳಿಯ ಮುಂದೆ ಆ ಪ್ರಾಮಾಣಿಕತೆಯೇ ದೌರ್ಬಲ್ಯವಾಯಿತು. ಆದುದರಿಂದ ಆ ಪ್ರಬಲ ಜೋಡಿಗಳ ಜೊತೆಗೆ ಒಂದೇ ಗುರುತಿನ ಎಕ್ಕ ಮತ್ತು ಐದರಂತಹ ಎಲೆಗಳನ್ನೂ ಬೆರೆಸುವ ಪದ್ಧತಿ ಬೆಳೆಯಿತು. ಎಕ್ಕವೊಂದು ತನ್ನಲ್ಲಿರುವಾಗ, ಎದುರಾಳಿಗೆ ಜೋಡಿ ಎಕ್ಕ ಬರುವ ಆರು ಬಗೆಗಳಲ್ಲಿ ಮೂರು ಮಾತ್ರ ಉಳಿಯುತ್ತವೆ. ಎಕ್ಕ ಮತ್ತು ರಾಜ ಕೂಡಿ ಬರುವ ಹದಿನಾರು ಬಗೆಗಳು ಹನ್ನೆರಡಾಗುತ್ತವೆ. ಅಂದರೆ ಸುಳ್ಳಾಡುವುದಕ್ಕೂ ಯೋಗ್ಯತೆಯುಳ್ಳ ಎಲೆಗಳಿದ್ದುವು!

2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರೇಟಸ್ ಎಂಬ ಯಂತ್ರವು ನಾಲ್ವರು ವೃತ್ತಿನಿರತರೊಡನೆ 1,20,000 ಆಟಗಳನ್ನಾಡಿತು. ಎದುರಾಳಿಯ ಸ್ವಭಾವವನ್ನು ಅರಿಯುವ ಪ್ರಯತ್ನವನ್ನೇ ಮಾಡದ ಆ ಯಂತ್ರವು, ಹಗಲಿನಲ್ಲಿ ಅವರು ಹುಡುಕಿದ ತನ್ನ ತಂತ್ರದ ರಂಧ್ರಗಳನ್ನು ರಾತ್ರಿಯ ಲೆಕ್ಕಾಚಾರದಿಂದ ಮುಚ್ಚಿಕೊಳ್ಳುತ್ತ, ಇಪ್ಪತ್ತು ದಿನಗಳ ಕೊನೆಗೆ 17 ಲಕ್ಷ ಡಾಲರಿಗೂ ಮಿಕ್ಕ ಮೌಲ್ಯದ ಬಿಲ್ಲೆಗಳಿಂದ ಮುಂದಿತ್ತು.