ಓವರ್‌ಕ್ಲಾಕಿಂಗ್: ಕೈಕೊಟ್ಟಿದ್ದು ಮದರ್‌ಬೋರ್ಡೋ, ರ‍್ಯಾಮೋ?

ಶಾಂತಿಗ್ರಾಮ (ಹಾಸನ ಜಿಲ್ಲೆ): ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಣಕಯಂತ್ರವೊಂದು ಕೆಟ್ಟು ನಿಂತರೆ ದುರಸ್ತಿಗಾರರ ಮೊದಲ ಕೆಲಸ ಸುಲಭದ್ದು. ಪಕ್ಕದ ಮಳಿಗೆಯಿಂದ ಬೇರೊಂದು ರ‍್ಯಾಮ್ ತಂದು ಹಾಕಿ ನೋಡುತ್ತಾರೆ. ಅದೂ ಫಲಿಸದಿದ್ದರೆ ಮದರ್‌ಬೋರ್ಡನ್ನೇ ಬದಲಿಸುತ್ತಾರೆ. ಹಾಸನ-ಚನ್ನರಾಯಪಟ್ಟಣದ ನಡುವೆ ಹೆದ್ದಾರಿಗೆ ಹೊಂದಿಕೊಂಡಿರುವ ಶಾಂತಿಗ್ರಾಮದಂತಹ ಹೋಬಳಿ ಕೇಂದ್ರಗಳಲ್ಲಿ, ಮನೆಯಲ್ಲಿ ಒಂದೇ ಯಂತ್ರವಿಟ್ಟುಕೊಂಡು ಬಿಡಿಭಾಗಕ್ಕಾಗಿ ಬಸ್ ಹತ್ತಬೇಕಾದವರಿಗೆ ಈ ಅನುಕೂಲವಿಲ್ಲ. ದೋಷ ಯಾವುದರಲ್ಲಿದೆ ಎಂಬ ಊಹೆ ತಪ್ಪಿದರೆ ಒಂದು ದಿನವೂ ಹೋಗುತ್ತದೆ, ಬೇಡದ ಬಿಡಿಭಾಗಕ್ಕೆ ಹಣವೂ ಹೋಗುತ್ತದೆ.

ಆದರೆ ವೇಗ ಹೆಚ್ಚಿಸಿದ, ಅಂದರೆ ಓವರ್‌ಕ್ಲಾಕ್ ಮಾಡಿದ ಯಂತ್ರದ ತೊಂದರೆಗಳಿಗೆ ಒಂದು ವಿಶೇಷವುಂಟು. ಅವುಗಳಲ್ಲಿ ಬಹುಪಾಲು ಬಳಕೆದಾರನೇ ಬದಲಿಸಿದ ಅಂಕಿಗಳಿಂದ ಹುಟ್ಟಿದವು. ಆ ಅಂಕಿಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತ ಹೋದರೆ ಬದಲಿ ಬಿಡಿಭಾಗವಿಲ್ಲದೆಯೂ ಅಪರಾಧಿಯನ್ನು ಗುರುತಿಸಬಹುದು.

ಜಂಪರ್‌ನಿಂದ ಬಯಾಸ್‌ಗೆ

ಪ್ರೊಸೆಸರ್‌ನ ವೇಗವೆಂದರೆ ಮೂಲ ಸ್ಪಂದನ ಮತ್ತು ಗುಣಕದ ಗುಣಲಬ್ಧ. ಮೂಲ 100 ಮೆಗಾಹರ್ಟ್ಸ್, ಗುಣಕ 45 ಇದ್ದರೆ 4.5 ಗಿಗಾಹರ್ಟ್ಸ್. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಈ ಹವ್ಯಾಸಕ್ಕೆ ಭಾರೀ ಜನಪ್ರಿಯತೆ ತಂದಿತು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್ 450ರಲ್ಲಿ ಓಡುತ್ತಿತ್ತು. ಅಂದು ಬೋರ್ಡ್ ಮೇಲಿನ ಜಂಪರ್‌ಗಳಿಂದ ಆಗುತ್ತಿದ್ದ ಕೆಲಸ ಇಂದು ಬಯಾಸ್ ಪರದೆಯಲ್ಲೇ ಆಗುತ್ತದೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಪ್ರೊಸೆಸರ್‌ಗಳ ಗುಣಕವನ್ನು 'ಝಡ್' ಶ್ರೇಣಿಯ ಬೋರ್ಡ್‌ಗಳು ಬದಲಿಸಬಲ್ಲವು. ಎಎಂಡಿಯ ಬಹುತೇಕ ರೈಝನ್‌ಗಳಿಗೆ ಇಂತಹ ಬೀಗವಿಲ್ಲ, ಆದರೆ ಎ320, ಎ520ರಂತಹ ಅಗ್ಗದ ಬೋರ್ಡ್‌ಗಳು ಅದಕ್ಕೆ ಅವಕಾಶ ಕೊಡುವುದಿಲ್ಲ.

ಓವರ್‌ಕ್ಲಾಕ್ ಮಾಡಿಯೇ ಇಲ್ಲ ಎನ್ನುವವರೂ ಅನೇಕ ಬಾರಿ ಮಾಡಿರುತ್ತಾರೆ. 3600 ಎಂದು ಮುದ್ರಿಸಿ ಮಾರುವ ಡಿಡಿಆರ್4 ರ‍್ಯಾಮ್ ಹಾಕಿದ ಕೂಡಲೇ ಆ ವೇಗದಲ್ಲಿ ಓಡುವುದಿಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಸಿದ್ಧ ಹೊಂದಾಣಿಕೆಯನ್ನು ಆರಿಸಿದಾಗ ಮಾತ್ರ ಆ ವೇಗ ಸಿಗುತ್ತದೆ. ಆಗ ರ‍್ಯಾಮ್‌ನ ವೋಲ್ಟೇಜ್ ಕೂಡ 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ತಾಂತ್ರಿಕವಾಗಿ ಇದೂ ಓವರ್‌ಕ್ಲಾಕಿಂಗ್ ಎಂಬುದು ಗಮನಾರ್ಹ. ಇನ್ನು ಕೆಲವರು 3200ರ ರ‍್ಯಾಮ್‌ಗೆ ಸಿಪಿಯು-ಝಡ್ ತಂತ್ರಾಂಶ 1600 ಎಂದು ತೋರಿಸುವುದನ್ನು ಕಂಡು ಮೋಸಹೋದೆವೆಂದು ಅಂಗಡಿಗೆ ಓಡುವುದುಂಟು. ಡಿಡಿಆರ್ ಪ್ರತಿ ಸ್ಪಂದನದಲ್ಲಿ ಎರಡು ಬಾರಿ ದತ್ತಾಂಶ ಸಾಗಿಸುತ್ತದೆ. ಹಾಗಾಗಿ 1600 ಎಂಬುದು ಸರಿಯಾದ ಅಂಕಿಯೇ.

ಪರದೆ ಕಪ್ಪಾದರೆ

ಹೊಸ ಅಂಕಿ ಉಳಿಸಿದ ಬಳಿಕ ಪಂಖ ತಿರುಗುತ್ತದೆ, ಪರದೆ ಮಾತ್ರ ಕಪ್ಪು. 'ಬೋರ್ಡ್ ಸತ್ತಿತು' ಎಂಬ ತೀರ್ಪು ಹೆಚ್ಚಾಗಿ ಹೊರಬೀಳುವುದು ಇಲ್ಲಿಯೇ. ಡಿಡಿಆರ್5 ಯಂತ್ರವಾದರೆ ಮೊದಲು ತಾಳ್ಮೆ ಬೇಕು. ಮೆಮೊರಿಯ ಸಂಕೇತಗಳನ್ನು ಬೋರ್ಡ್ ಹೊಂದಿಸಿಕೊಳ್ಳುವ 'ಟ್ರೈನಿಂಗ್' ಎಂಬ ಕ್ರಿಯೆಗೆ ಕೆಲವು ನಿಮಿಷಗಳೇ ಹಿಡಿಯಬಹುದು, ನಡುವೆ ಸ್ವಿಚ್ ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರು.

ಬಳಿಕವೂ ಚಿತ್ರ ಬಾರದಿದ್ದರೆ ಬೋರ್ಡ್ ಅಂಚಿನಲ್ಲಿರುವ ಪುಟ್ಟ ಸೂಚಕ ದೀಪಗಳನ್ನು ನೋಡಬೇಕು. ಅನೇಕ ಬೋರ್ಡ್‌ಗಳಲ್ಲಿ ಸಿಪಿಯು, ಡಿ-ರ‍್ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಇರುತ್ತವೆ. ಡಿ-ರ‍್ಯಾಮ್ ದೀಪ ಆರದೇ ಉಳಿದರೆ ತನಿಖೆಯನ್ನು ಮೆಮೊರಿಯಿಂದ ಆರಂಭಿಸಬೇಕು. ವಿದ್ಯುತ್ ತಂತಿ ಕಿತ್ತು, ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯನ್ನು ಐದು ನಿಮಿಷ ಹೊರತೆಗೆದರೆ, ಅಥವಾ ಕೈಪಿಡಿಯಲ್ಲಿ ಹೇಳಿದ ಜಂಪರನ್ನು ಕೂಡಿಸಿದರೆ ಬಯಾಸ್ ಮೂಲಸ್ಥಿತಿಗೆ ಮರಳುತ್ತದೆ. ಆಗ ಒಂದೇ ರ‍್ಯಾಮ್ ಪಟ್ಟಿಯನ್ನು ಹಾಕಿ ಚಾಲೂ ಮಾಡಬೇಕು. ನಾಲ್ಕು ಗಾಡಿಗಳ ಬೋರ್ಡ್‌ನಲ್ಲಿ ಒಂದು ಪಟ್ಟಿಗೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಗಾಡಿ, ಎರಡು ಪಟ್ಟಿಗಳಿದ್ದರೆ ಎರಡನೆಯ ಮತ್ತು ನಾಲ್ಕನೆಯದು ಸರಿಯಾದ ಜಾಗ. ಚಿನ್ನದ ಲೇಪವಿರುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ನಮ್ಮಲ್ಲಿ ಹಳೆಯದು. ಅದರ ಪುಡಿ ಗಾಡಿಯೊಳಗೆ ಉದುರುವುದರಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಲೇಸು.

ಸದ್ದಿಲ್ಲದ ತಪ್ಪು

ಚಾಲೂ ಆಗದ ಯಂತ್ರಕ್ಕಿಂತ ಅಪಾಯಕಾರಿಯಾದದ್ದು ಚಾಲೂ ಆಗಿ, ಚೆನ್ನಾಗಿಯೇ ಓಡುವಂತೆ ತೋರುವ ಯಂತ್ರ. ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದರೆ ಸಾಮಾನ್ಯ ಡೆಸ್ಕ್‌ಟಾಪ್ ಅದನ್ನು ಪತ್ತೆಹಚ್ಚುವುದೇ ಇಲ್ಲ. ತಪ್ಪಾದ ದತ್ತಾಂಶವೇ ಡಿಸ್ಕ್‌ಗೆ ಬರೆಯಲ್ಪಡುತ್ತದೆ. ಅಂಗಡಿಯ ಲೆಕ್ಕದ ಕಡತ, ಮದುವೆಯ ಛಾಯಾಚಿತ್ರಗಳು, ವಿದ್ಯಾರ್ಥಿಯ ಪ್ರಬಂಧ ತಿಂಗಳ ನಂತರ ತೆರೆಯದೇ ಹೋದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟಿರಬೇಕು.

ಪರೀಕ್ಷೆಗೆ ಉಚಿತವಾಗಿ ದೊರೆಯುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ ರಾತ್ರಿಯಿಡೀ ಓಡಿಸಬೇಕು. ಒಂದೇ ಸುತ್ತಿನಲ್ಲಿ ತಪ್ಪು ಕಾಣದಿದ್ದರೆ ಸಾಲದು. ಒಂದು ತಪ್ಪು ಕಂಡರೂ ಆ ಹೊಂದಾಣಿಕೆ ಅನರ್ಹವೆಂದೇ ತಿಳಿಯಬೇಕು, 'ಒಂದೇ ತಾನೆ' ಎನ್ನುವಂತಿಲ್ಲ. ಮೂಲಸ್ಥಿತಿಯ ವೇಗದಲ್ಲೂ ತಪ್ಪು ಬಂದರೆ ಪ್ರತಿ ಪಟ್ಟಿಯನ್ನು ಒಂಟಿಯಾಗಿ, ಒಂದೇ ಗಾಡಿಯಲ್ಲಿ ಪರೀಕ್ಷಿಸಬೇಕು. ತಪ್ಪು ಪಟ್ಟಿಯೊಂದಿಗೆ ಹೋದರೆ ರ‍್ಯಾಮ್ ದೋಷ. ಯಾವ ಪಟ್ಟಿ ಹಾಕಿದರೂ ಅದೇ ಗಾಡಿಯಲ್ಲಿ ಉಳಿದರೆ ಬೋರ್ಡ್ ಅಥವಾ ಪ್ರೊಸೆಸರ್ ಕಡೆಗೆ ನೋಡಬೇಕು, ಏಕೆಂದರೆ ಮೆಮೊರಿ ನಿಯಂತ್ರಕ ಈಗ ಪ್ರೊಸೆಸರ್ ಒಳಗೇ ಇದೆ. ಮೂಲಸ್ಥಿತಿಯಲ್ಲಿ ಎಲ್ಲವೂ ಸರಿಯಿದ್ದರೆ ಪ್ರೊಸೆಸರನ್ನು ಮುಟ್ಟದೆ ರ‍್ಯಾಮ್ ಒಂದನ್ನೇ ಏರಿಸಿ ನೋಡಬೇಕು. ಆಮೇಲೆ ರ‍್ಯಾಮನ್ನು ಇಳಿಸಿ ಪ್ರೊಸೆಸರ್ ಒಂದನ್ನೇ. ಎರಡನ್ನೂ ಒಟ್ಟಿಗೆ ಏರಿಸಿದವರಿಗೆ ತನಿಖೆಯ ದಾರಿಯೇ ಮುಚ್ಚಿಹೋಗುತ್ತದೆ. ಬೇರೆ ಬೇರೆ ಸಲ ಕೊಂಡ ಪಟ್ಟಿಗಳನ್ನು ಬೆರೆಸಿದಾಗ, ನಾಲ್ಕೂ ಗಾಡಿ ತುಂಬಿಸಿದಾಗ ಮುದ್ರಿತ ವೇಗ ದೊರೆಯದಿರುವುದು ಸಾಮಾನ್ಯ.

ಡಿಸೆಂಬರಿನಲ್ಲಿ ರಾತ್ರಿಯಿಡೀ ತಪ್ಪಿಲ್ಲದೆ ಓಡಿದ ರ‍್ಯಾಮ್ ಏಪ್ರಿಲಿನಲ್ಲಿ ಎಡವುವುದೂ ಉಂಟು. ರ‍್ಯಾಮ್ ಕೋಶವೆಂದರೆ ವಿದ್ಯುದಾವೇಶ ಹಿಡಿದಿಡುವ ಅತಿಸಣ್ಣ ಕೆಪಾಸಿಟರ್. ಸೋರುವ ಈ ಆವೇಶವನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ತುಂಬಲಾಗುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ವೇಗವಾಗುತ್ತದೆ.

ವಿದ್ಯುತ್ತಿನ ಪಾತ್ರ

ಭಾರದ ಕೆಲಸ ಕೊಟ್ಟೊಡನೆ ಪ್ರೊಸೆಸರ್ ವೇಗ ತಟ್ಟನೆ ಕುಸಿದು, ಕೆಲಹೊತ್ತಿನ ನಂತರ ಏರುತ್ತಿದ್ದರೆ ಸಂಶಯ ಮದರ್‌ಬೋರ್ಡ್ ಮೇಲೆ. ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿ ಕೊಡುವ ವಿಆರ್‌ಎಂ ಭಾಗ ಅಗ್ಗದ ಬೋರ್ಡ್‌ಗಳಲ್ಲಿ ಶಾಖ ಹೀರುವ ಲೋಹದ ಹೊದಿಕೆಯಿಲ್ಲದೆ ಕಾಯುತ್ತದೆ. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಉಷ್ಣತೆ ಮತ್ತು ವೇಗವನ್ನು ಒಟ್ಟಿಗೆ ನೋಡಿದರೆ ಇದು ತಿಳಿಯುತ್ತದೆ. ಹಳೆಯ ಬೋರ್ಡ್‌ಗಳಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಲ್ಲಿಗೆ ಓವರ್‌ಕ್ಲಾಕಿಂಗ್ ಆಸೆ ಬಿಡಬೇಕು.

ಹಾಸನ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಮೈಸೂರು ಕೇಂದ್ರಿತ ಸೆಸ್ಕ್. ಮನೆಗೆ ಬರಬೇಕಾದದ್ದು 230 ವೋಲ್ಟ್ ಆದರೂ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಗ್ರಾಮೀಣ ಮಾರ್ಗಗಳಲ್ಲಿ ಅದು ಇಳಿಯುವುದನ್ನು ಬಲ್ಬ್ ನೋಡಿಯೇ ಹೇಳಬಹುದು. ಉತ್ತಮ ಎಸ್‌ಎಂಪಿಎಸ್ ಇದನ್ನು ತಡೆದುಕೊಳ್ಳುತ್ತದೆ, ಕ್ಯಾಬಿನೆಟ್ ಜೊತೆ ಬಿಟ್ಟಿ ಬಂದದ್ದು ತಡೆಯಲಾರದು. 12 ವೋಲ್ಟ್ ಮಾರ್ಗ ಭಾರದಲ್ಲೂ 11.4ಕ್ಕಿಂತ ಕೆಳಗೆ ಇಳಿಯಬಾರದು. ತೊಂದರೆ ಸಂಜೆಯಷ್ಟೇ ಬರುತ್ತಿದ್ದರೆ ರ‍್ಯಾಮ್ ಕೊಳ್ಳುವ ಮೊದಲು ಎಸ್‌ಎಂಪಿಎಸ್ ಮತ್ತು ಅರ್ಥಿಂಗ್ ನೋಡಿಸುವುದು ಒಳಿತು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಇಲ್ಲವೆಂದೇ ಅನುಮಾನಿಸಬೇಕು.

ಸಂದೇಶವೂ ದಾರಿ ತಪ್ಪಿಸೀತು

ಯಂತ್ರ ಹೇಳುವ ಕಾರಣವನ್ನು ಪೂರ್ತಿ ನಂಬುವಂತಿಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಪ್ರಕರಣ ಇದಕ್ಕೆ ನಿದರ್ಶನ. ಆಟಗಳು 'ವಿಡಿಯೋ ಮೆಮೊರಿ ಸಾಲದು' ಎಂದು ಹೇಳಿ ನಿಲ್ಲುತ್ತಿದ್ದವು, ದೋಷವಿದ್ದದ್ದು ಪ್ರೊಸೆಸರ್‌ನಲ್ಲಿ. ಅಧಿಕ ವೋಲ್ಟೇಜ್‌ನಿಂದ ಚಿಪ್ ಕ್ರಮೇಣ ಸವೆಯುತ್ತಿತ್ತು. 2024ರ ಆಗಸ್ಟ್‌ನಿಂದ ಇಂಟೆಲ್ ಬಯಾಸ್ ಮೂಲಕ ತಿದ್ದುಪಡಿ ನೀಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದ ಚಿಪ್‌ಗಳು ಅದರಿಂದ ಸರಿಹೋಗುವುದಿಲ್ಲ. 2023ರಲ್ಲಿ ಎಎಂಡಿಯ ರೈಝನ್ 7000 ಶ್ರೇಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟುಹೋದಾಗ, ಎಕ್ಸ್‌ಪೋ ಎಂಬ ಮೆಮೊರಿ ಹೊಂದಾಣಿಕೆಯ ಜೊತೆ ಏರುತ್ತಿದ್ದ ಎಸ್ಒಸಿ ವೋಲ್ಟೇಜನ್ನು ಬಯಾಸ್ ಮೂಲಕವೇ 1.3ಕ್ಕೆ ಮಿತಿಗೊಳಿಸಲಾಯಿತು.

ಹೀಗಾಗಿ ಬಯಾಸ್ ನವೀಕರಣ ಅನಿವಾರ್ಯ. ಅದನ್ನು ಓವರ್‌ಕ್ಲಾಕ್ ತೆಗೆದು, ಯುಪಿಎಸ್ ಬಲದಲ್ಲಿ ಮಾಡಬೇಕು. ಅರ್ಧದಲ್ಲಿ ವಿದ್ಯುತ್ ಹೋಗಿ ಬೋರ್ಡ್ ಮಾತಾಡದಾದರೂ ಅದನ್ನು ಗುಜರಿಗೆ ಹಾಕಬೇಕಿಲ್ಲ. ಕೆಲವು ಬೋರ್ಡ್‌ಗಳ ಹಿಂಬದಿಯ ಫ್ಲ್ಯಾಶ್‌ಬ್ಯಾಕ್ ಗುಂಡಿ ಪೆನ್‌ಡ್ರೈವ್‌ನಿಂದ ಬಯಾಸನ್ನು ಮತ್ತೆ ಬರೆಯುತ್ತದೆ. ಅದಿಲ್ಲದಿದ್ದರೆ ಬಯಾಸ್ ಕುಳಿತಿರುವ ಎಂಟು ಕಾಲಿನ ಚಿಪ್ಪನ್ನು ಪ್ರೋಗ್ರಾಮರ್ ಉಪಕರಣದಿಂದ ಪುನಃ ಬರೆಯಬಲ್ಲ ದುರಸ್ತಿಗಾರರನ್ನು ಹುಡುಕಬೇಕು.