ತಿಪ್ಪೆಯ ನೊಣಕ್ಕೆ ಹಾರಾಟದ ಹದ ಹೇಳುವ ಕಡ್ಡಿ

ನಮ್ಮ ಊರುಗಳ ತಿಪ್ಪೆಯಲ್ಲಿ, ಕೊಳೆತ ತರಕಾರಿಯ ಮೇಲೆ ಕಣಜದಂತೆ ಕಾಣುವ ಕಪ್ಪು ಕೀಟವೊಂದು ಬಂದು ಕೂರುತ್ತದೆ. ಅದು ಕಪ್ಪು ಸೈನಿಕ ನೊಣ, ಕುಟುಕುವುದಿಲ್ಲ. ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಹಿಂದಿನ ಜೋಡಿ ಕೋಟ್ಯಂತರ ವರ್ಷಗಳಲ್ಲಿ ಕುಗ್ಗಿ, ತುದಿಯಲ್ಲಿ ಗುಂಡು ಇರುವ ಪುಟ್ಟ ಕಡ್ಡಿಗಳಾಗಿವೆ. ಇವುಗಳ ಹೆಸರು ಹಾಲ್ಟಿಯರ್.

ರೆಕ್ಕೆ ಮೇಲೆದ್ದಾಗ ಕಡ್ಡಿ ಕೆಳಗಿಳಿಯುತ್ತದೆ, ಸೆಕೆಂಡಿಗೆ ಸುಮಾರು 100 ಬಾರಿ. ನೊಣ ಹೊರಳಿದ ಕೂಡಲೇ ಬೀಸುತ್ತಿರುವ ಕಡ್ಡಿಯ ಬುಡ ಪಕ್ಕಕ್ಕೆ ಬಾಗುತ್ತದೆ. ಅಲ್ಲಿನ ಸಂವೇದಕಗಳು ಆ ಸುದ್ದಿಯನ್ನು ರೆಕ್ಕೆಯ ಸ್ನಾಯುಗಳಿಗೆ ಮುಟ್ಟಿಸುತ್ತವೆ. ಕಡ್ಡಿ ಕಳೆದುಕೊಂಡ ನೊಣ ನೆಲಕ್ಕುರುಳುತ್ತದೆ.

ಇಷ್ಟು ವೇಗದಲ್ಲಿ ರೆಕ್ಕೆ, ಕಡ್ಡಿಗಳ ತಾಳ ತಪ್ಪದಿರುವುದು ಹೇಗೆ? ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸಂಜಯ್ ಸಾನೆ ಅವರ ತಂಡ ಇದೇ ನೊಣವನ್ನು ಪರೀಕ್ಷಿಸಿ 2015ರಲ್ಲಿ ಉತ್ತರ ಕೊಟ್ಟಿತು. ನರಗಳಿಗೆ ಅಷ್ಟು ಚುರುಕು ಸಾಧ್ಯವಿಲ್ಲ. ತಾಳ ಕಾಯುವುದು ಎದೆಗವಚದಲ್ಲಿರುವ ಯಾಂತ್ರಿಕ ಕೊಂಡಿಗಳು. ಆಗತಾನೆ ಸತ್ತ ನೊಣದ ಒಂದು ರೆಕ್ಕೆ ಎತ್ತಿದರೆ ಇನ್ನೊಂದೂ ಏಳುತ್ತದೆ! ನಮ್ಮ ತಿಪ್ಪೆಯ ಜೀವಿಯಲ್ಲಿ ಇಂಥ ಕುಸುರಿ ಇರುವುದು ನಿಜಕ್ಕೂ ಬೆರಗಿನ ಸಂಗತಿ.

ಇದರ ಮರಿಹುಳುಗಳು ಕೊಳೆತದ್ದನ್ನು ತಿಂದು ಗೊಬ್ಬರವಾಗಿಸುತ್ತವೆ. ಕಂಡರೆ ದಯವಿಟ್ಟು ಹೊಡೆಯಬೇಡಿ.