ದುನ್‌ಹ್ವಾಂಗಿನ ಚಿತ್ರಸಂಪತ್ತು: ಗುಹೆಯಿಂದ ಗಣಕದ ತೆರೆಗೆ

ಚೀನದ ವಾಯವ್ಯ ಭಾಗದಲ್ಲಿ, ಗೋಬಿ ಮರುಭೂಮಿಯ ಅಂಚಿಗೆ, ದುನ್‌ಹ್ವಾಂಗ್ ಎಂಬ ಪಟ್ಟಣವಿದೆ. ಅದಕ್ಕೆ ಸುಮಾರು 25 ಕಿಲೋಮೀಟರು ದೂರದ ಬಂಡೆಸಾಲಿನಲ್ಲಿ ಮೊಗಾವ್ ಗುಹೆಗಳಿವೆ. ಕ್ರಿ.ಶ. 366ರಲ್ಲಿ ಒಬ್ಬ ಭಿಕ್ಷುವು ಮೊದಲ ಗುಹೆಯನ್ನು ತೋಡಿಸಿದನೆಂದು ಪ್ರತೀತಿ. ಅಲ್ಲಿಂದ ಮುಂದೆ ಸಾವಿರ ವರ್ಷಗಳ ಕಾಲ ಅರಸರೂ ವಣಿಕರೂ ಯಾತ್ರಿಕರೂ ಅಲ್ಲಿ ಧರ್ಮಕಾರ್ಯವನ್ನು ನಡೆಯಿಸಿದರು. ಆ ಬಂಡೆಯು ಉಳಿಗೆ ಒದಗುವಂಥದಲ್ಲ. ಆದುದರಿಂದ ವಿಗ್ರಹಗಳನ್ನು ಮಣ್ಣಿನಿಂದ ಮಾಡಿ ಬಣ್ಣವಿಟ್ಟಿರುವರು. ಚಿತ್ರ, ಶಿಲ್ಪಗಳುಳ್ಳ 492 ಗುಹೆಗಳಲ್ಲಿ ಭಿತ್ತಿಚಿತ್ರಗಳ ವಿಸ್ತೀರ್ಣವೇ ಸುಮಾರು 45,000 ಚದರ ಮೀಟರು.

ಇಂದು ಏಷ್ಯದ ಕಲೆಯನ್ನು ಅಭ್ಯಾಸಮಾಡುವವನಿಗೆ ಇವುಗಳಲ್ಲಿ ಬಹುಭಾಗ ಮನೆಯಲ್ಲಿ ಕುಳಿತೇ ನೋಡಲು ದೊರೆಯುತ್ತದೆ. ಆದರೆ ಅವನು ಒಂದು ಸಂಗ್ರಹಾಲಯದ ಜಾಲತಾಣವನ್ನು ತೆರೆದರೆ ಸಾಲದು. ನಾಲ್ಕಾರು ದೇಶಗಳ ತಾಣಗಳನ್ನು ತಿರುಗಬೇಕು. ಇದಕ್ಕೆ ಕಾರಣವು ಚರಿತ್ರೆಯಲ್ಲಿದೆ.

1900ರಲ್ಲಿ ವಾಂಗ್ ಯುವಾನ್‌ಲು ಎಂಬ ತಾವೋ ಪಂಥದ ಸಾಧು, ಗುಹೆಯೊಂದನ್ನು ಜೀರ್ಣೋದ್ಧಾರ ಮಾಡಿಸುತ್ತಿದ್ದಾಗ, ಗೋಡೆಯ ಹಿಂದೆ ಮುಚ್ಚಿಹೋಗಿದ್ದ ಚಿಕ್ಕ ಕೋಣೆಯೊಂದನ್ನು ಕಂಡನು. ಈಗ 17ನೆಯ ಗುಹೆಯೆಂದು ಎಣಿಸುವುದು ಇದನ್ನೇ. ಹನ್ನೊಂದನೆಯ ಶತಮಾನದ ಆದಿಯಲ್ಲಿ ಮುಚ್ಚಿದ್ದ ಆ ಕೋಣೆಯಲ್ಲಿ ಹತ್ತಾರು ಸಾವಿರ ಹಸ್ತಪ್ರತಿಗಳೂ ರೇಷ್ಮೆಯ ಚಿತ್ರಪಟಗಳೂ ಒಟ್ಟಿದ್ದುವು. ಶತ್ರುಭಯದಿಂದ ಬಚ್ಚಿಟ್ಟರೆಂದು ಕೆಲವರು, ಸವೆದ ಪವಿತ್ರ ಗ್ರಂಥಗಳನ್ನು ಎಸೆಯಲಾರದೆ ಇರಿಸಿದರೆಂದು ಕೆಲವರು ವಾದಿಸುವರು.

1907ರಲ್ಲಿ ಅಲ್ಲಿಗೆ ಬಂದವನು ಆರೆಲ್ ಸ್ಟೈನ್. ಕಲ್ಹಣನ ರಾಜತರಂಗಿಣಿಯನ್ನು ಇಂಗ್ಲಿಷಿಗೆ ತಂದ ಪಂಡಿತ. ಅವನಿಗೆ ಚೀನೀ ಲಿಪಿ ಬಾರದು. ಆದರೆ ವಾಂಗನಿಗೆ ಹ್ಯುಯೆನ್‌ತ್ಸಾಂಗನಲ್ಲಿ ಅಪಾರ ಭಕ್ತಿಯಿದೆಯೆಂಬುದನ್ನು ಅರಿತು, ತಾನೂ ಆ ಯಾತ್ರಿಕನ ಹೆಜ್ಜೆಯಲ್ಲೇ ಭಾರತದಿಂದ ಬಂದವನೆಂದು ಹೇಳಿ ಬಾಗಿಲನ್ನು ತೆರೆಯಿಸಿದನು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ವರ್ಣಿಸಿದ ಯಾತ್ರಿಕನೇ ಈತನೆಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಹಸ್ತಪ್ರತಿಗಳ 24 ಪೆಟ್ಟಿಗೆಗಳು, ಚಿತ್ರಪಟ ಮೊದಲಾದುವುಗಳ 5 ಪೆಟ್ಟಿಗೆಗಳು ಹೊರಬಿದ್ದುವು. ತೆತ್ತ ಹಣ ಸುಮಾರು 130 ಪೌಂಡು. ಇದನ್ನು ಕ್ರಯವೆನ್ನುವುದು ನನಗೆ ಒಪ್ಪಿಗೆಯಿಲ್ಲ; ಕಾವಲಿದ್ದವನು ಒಡೆಯನಾಗಿರಲಿಲ್ಲ. ಮರುವರ್ಷ ಫ್ರಾನ್ಸಿನ ಪೆಲಿಯೋ ಬಂದನು. ಅನಂತರ ಜಪಾನೀಯರು, ರಷ್ಯನ್ನರು. ಉಳಿದುದರಲ್ಲಿ ಹೆಚ್ಚಿನದು ಪೀಕಿಂಗಿಗೆ ಹೋಯಿತು. ಹೀಗೆ ಒಂದೇ ಸುರುಳಿಯ ತುಂಡುಗಳು ಬೇರೆಬೇರೆ ರಾಜಧಾನಿಗಳನ್ನು ಸೇರಿದುವು.

ಈ ತುಂಡುಗಳನ್ನು ಮತ್ತೆ ಒಂದೆಡೆ ಕಾಣುವಂತೆ ಮಾಡುವುದಕ್ಕಾಗಿ 1994ರಲ್ಲಿ ಬ್ರಿಟಿಷ್ ಲೈಬ್ರರಿಯು ಅಂತರರಾಷ್ಟ್ರೀಯ ದುನ್‌ಹ್ವಾಂಗ್ ಯೋಜನೆಯನ್ನು ಆರಂಭಿಸಿತು. 1998ರಲ್ಲಿ ಅದರ ಜಾಲತಾಣವು ತೆರೆಯಿತು. ಚೀನ, ಫ್ರಾನ್ಸ್, ರಷ್ಯ, ಜರ್ಮನಿ, ಜಪಾನುಗಳ ಸಂಸ್ಥೆಗಳು ಕೈಗೂಡಿಸಿದುವು. ಕ್ರಿ.ಶ. 868ರ ಮೇ 11ರ ದಿನಾಂಕವುಳ್ಳ ವಜ್ರಚ್ಛೇದಿಕಾ ಸೂತ್ರದ ಸುಮಾರು ಐದು ಮೀಟರು ಉದ್ದದ ಸುರುಳಿಯನ್ನು ಆದಿಯಿಂದ ಅಂತ್ಯದವರೆಗೆ ತೆರೆಯ ಮೇಲೆ ನೋಡಬಹುದಾಯಿತು. ದಿನಾಂಕವುಳ್ಳ ಮುದ್ರಿತ ಗ್ರಂಥಗಳಲ್ಲಿ ಸಂಪೂರ್ಣವಾಗಿ ಉಳಿದಿರುವ ಅತ್ಯಂತ ಪ್ರಾಚೀನವಾದುದು ಇದೇ. ವಾಂಗ್ ಜಿಯೆ ಎಂಬುವನು ತನ್ನ ತಾಯಿತಂದೆಗಳ ಪುಣ್ಯಾರ್ಥವಾಗಿ ಇದನ್ನು ಅಚ್ಚುಮಾಡಿಸಿ ಹಂಚಿದನು. 2016ರಲ್ಲಿ ದುನ್‌ಹ್ವಾಂಗ್ ಅಕಾಡೆಮಿಯು 30 ಗುಹೆಗಳ ಸೂಕ್ಷ್ಮಚಿತ್ರಗಳನ್ನು ಜಾಲದಲ್ಲಿ ಪ್ರಕಟಿಸಿತು.

ಈ ನೋಟದಲ್ಲಿ ಲಾಭವೂ ಇದೆ, ಮೋಸವೂ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಶಾಕ್ಯಮುನಿಯು ಗೃಧ್ರಕೂಟದಲ್ಲಿ ಉಪದೇಶಿಸುವ ಕಸೂತಿಪಟವನ್ನೇ ತೆಗೆದುಕೊಳ್ಳೋಣ. ತೆರೆಯಲ್ಲಿ ಹಿಗ್ಗಿಸಿ ನೋಡಿದರೆ ರೇಷ್ಮೆಯ ಎಳೆ ಎಲ್ಲಿ ತಿರುಗಿದೆ, ಎಲ್ಲಿ ಕಿತ್ತಿದೆ ಎಂಬುದು ಕಾಣುತ್ತದೆ. ಗಾಜಿನ ಹೊರಗೆ ನಿಂತವನಿಗೆ ಇದು ಸುಲಭವಲ್ಲ. ಆದರೆ ಪಟದ ಎತ್ತರ ಸುಮಾರು 2.4 ಮೀಟರು. ಎದುರಿಗೆ ನಿಂತವನಿಗೆ ಬುದ್ಧನು ಆಳೆತ್ತರಕ್ಕೆ ತೋರುವನು, ತೆರೆಯಲ್ಲಿ ಅಂಗೈಯಷ್ಟಾಗುವನು. ಗುಹೆಗಳ ವಿಷಯದಲ್ಲಿ ಮಾತು ಇನ್ನೂ ಗಂಭೀರವಾದುದು. ದೀಪದ ಕುಡಿಯಲ್ಲಿ ತುಸುತುಸುವಾಗಿ ಮಾತ್ರ ಕಾಣುತ್ತಿದ್ದ ಗೋಡೆಯನ್ನು ಛಾಯಾಯಂತ್ರವು ಒಂದೇ ಸಮನಾದ ಬೆಳಕಿನಲ್ಲಿ ತೋರಿಸುತ್ತದೆ. ಪ್ರಾಚೀನ ಭಕ್ತನಾವನೂ ಅದನ್ನು ಹಾಗೆ ಕಂಡಿರಲಾರನು. ಸೀಸದ ಕೆಂಪು ಕಪ್ಪಿಗೆ ತಿರುಗಿದ ಮುಖಗಳನ್ನು ನೋಡಿ, ಚಿತ್ರಕಾರನು ಕಪ್ಪನ್ನೇ ಬಳಿದನೆಂದು ಹೊಸಬರು ಭ್ರಮಿಸುವುದೂ ಉಂಟು. ಬಣ್ಣವು ಕಾಲಕ್ರಮದಲ್ಲಿ ಮಾರ್ಪಟ್ಟಿತೆಂದು ಚಿತ್ರದ ಪಕ್ಕದಲ್ಲೇ ಬರೆದಿರಬೇಕು.

ಇನ್ನು ಜಾಲವು ಶಾಶ್ವತವೆಂಬ ನಂಬಿಕೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ ದುಷ್ಕರ್ಮಿಗಳು ದಾಳಿಮಾಡಿದಾಗ ಅದರ ಸೂಚೀಪಟ್ಟಿಯೇ ತಿಂಗಳುಗಟ್ಟಲೆ ಓದುಗರಿಗೆ ದೊರೆಯದೆ ಹೋಯಿತು. ಒಂಬೈನೂರು ವರ್ಷ ಮರಳುಗಾಡಿನಲ್ಲಿ ಕೆಡದೆ ಉಳಿದ ಕಾಗದಕ್ಕೆ ಹೋಲಿಸಿದರೆ ಈ ಹೊಸ ಭಂಡಾರವು ಬಲು ಎಳೆಯದು.

ಕೊನೆಯದಾಗಿ ನಮ್ಮ ಪಾಲಿನ ವಿಚಾರ. ಸ್ಟೈನನ ಆ ಎರಡನೆಯ ಯಾತ್ರೆಯ ವೆಚ್ಚದಲ್ಲಿ ಐದರಲ್ಲಿ ಮೂರು ಭಾಗವನ್ನು ಭಾರತ ಸರ್ಕಾರವು ಭರಿಸಿತ್ತು. ದೊರೆತ ವಸ್ತುಗಳೂ ಹಂಚಿಕೆಯಾದುವು. ಭಾರತದ ಪಾಲಿನ ಚಿತ್ರಪಟಗಳು ಹೊಸದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸೇರಿವೆ. 1931ರಲ್ಲಿ ಆರ್ಥರ್ ವೇಲಿಯು ಸಿದ್ಧಪಡಿಸಿದ ಸೂಚಿಯಲ್ಲಿ ಲಂಡನ್, ದೆಹಲಿ ಎರಡೂ ಪಾಲುಗಳು ಒಂದೇ ಹೊದಿಕೆಯೊಳಗಿವೆ. ಲಂಡನ್ನಿನ ಪಟವನ್ನು ತೆರೆಯ ಮೇಲೆ ಹಿಗ್ಗಿಸಿ ನೋಡಿ ತೃಪ್ತರಾಗುವ ದೆಹಲಿಯ ಮಿತ್ರರು, ಆ ಸೂಚಿಯ ದೆಹಲಿಯ ಭಾಗವನ್ನು ಗುರುತುಮಾಡಿಕೊಂಡು ಸಂಗ್ರಹಾಲಯದ ಅಧಿಕಾರಿಗಳನ್ನು ಕೇಳುವುದು ಒಳ್ಳೆಯದು.